ದಬ್ಬಣದಲ್ಲಿ ಹೊಲಿದ ಕಾದಂಬರಿ

ಮೊನ್ನೆ ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಮನೆಗೆ ಬಂದಿದ್ದರು. ಫೋನಿನಲ್ಲಿ ಮಾತಾಡುತ್ತಲೇ ಯಾವುದೋ ವಿಳಾಸ ಬರೆದುಕೊಳ್ಳಲು ನನ್ನ ಮೇಜಿನ ಮೇಲಿದ್ದ ಪೆನ್ನಿನ ಡಬ್ಬಕ್ಕೆ ನೋಡದೆ ಕೈಹಾಕಿದವರು "ಅಯ್ಯಪ್ಪಾ" ಎಂದು ಕೈಯನ್ನು ಹಿಂದಕ್ಕೆಳೆದುಕೊಂಡರು. ಬೆರಳ ತುದಿಯಲ್ಲಿ ಒಂದು ಹನಿ ರಕ್ತ. ಪೆನ್ನುಗಳ ನಡುವೆ ತಾನೂ ಒಂದು ಪೆನ್ನೆಂಬಂತೆ ನಿಂತಿದ್ದ ದಬ್ಬಣ ಚುಚ್ಚಿತ್ತು.

"ಏನ್ ಮೇಡಂ ಇದು? ಕಥೆ ಬರೆಯೋರ ಮೇಜಿನ ಮೇಲೆ ಗೋಣಿಚೀಲ ಹೊಲಿಯೋ ದಬ್ಬಣ ಇಟ್ಟಿದ್ದೀರಲ್ಲ!"

ಅವರ ಬೆರಳಿಗೆ ಅರಿಶಿನ ಹಚ್ಚಿ, ಕಾಫಿ ಕೊಟ್ಟು, ಏನೋ ಸಂಬಂಧವಿಲ್ಲದ ಕಾರಣ ಹೇಳಿ ಕಳಿಸಿದೆ. ನಿಜವಾದ ಕಾರಣ ಹೇಳಲು ಶುರುಮಾಡಿದ್ದರೆ ಅವರು ಊಟಕ್ಕೂ ಉಳಿಯಬೇಕಾಗುತ್ತಿತ್ತು. ನಿಮಗಾದರೆ ಹೇಳಬಹುದು. ನೀವು ಹೇಗೂ ಕೂತಿದ್ದೀರಿ, ನಿಮ್ಮ ಬೆರಳೂ ಕ್ಷೇಮವಾಗಿದೆ.

ಆ ದಬ್ಬಣ ನಮ್ಮ ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ಮಂಡಿ. ಬೀದಿಗೆ ಮಂಡಿ, ಅದರ ಹಿಂದೆ ಮನೆ, ಎರಡರ ಮೇಲೂ ಹಾಸಿದಂತೆ ಒಂದು ಅಟ್ಟ. ನಾನು ಹುಟ್ಟಿ ಬೆಳೆದದ್ದು ಕೊಬ್ಬರಿ, ಗೋಣಿ ಮತ್ತು ಸೆಣಬಿನ ಹುರಿಯ ವಾಸನೆಯಲ್ಲಿ. ಈಗಲೂ ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಮೂಗಿಗೆ ಹಿಡಿಯುತ್ತೇನೆ, ಕೊಬ್ಬರಿ ವಾಸನೆ ಇಲ್ಲದಿದ್ದರೆ ಒಂದು ಕ್ಷಣ ಯಾವುದೋ ಕೊರತೆ ಅನಿಸುತ್ತದೆ.

ಪುಸ್ತಕ ತರುತ್ತಿದ್ದವರು ದೊಡ್ಡಪ್ಪ. ಅವರು ಸ್ವತಃ ಪಂಚಾಂಗ ಬಿಟ್ಟು ಬೇರೇನೂ ಓದಿದವರಲ್ಲ. ಆದರೆ ಹೆಂಡತಿಗೆ ಓದುವ ಹುಚ್ಚು ಇದೆ ಎನ್ನುವುದು ಅವರಿಗೆ ಒಳಗೊಳಗೇ ಹೆಮ್ಮೆಯ ವಿಷಯ. ನಮ್ಮೂರು ರೈಲ್ವೆ ಜಂಕ್ಷನ್ ಆದ್ದರಿಂದ ಪ್ಲಾಟ್‌ಫಾರಂನಲ್ಲಿ ಒಂದು ಪುಸ್ತಕದಂಗಡಿ ಇತ್ತು. ಕೊಬ್ಬರಿ ಲೋಡಿನ ಕೆಲಸಕ್ಕೆ ಸ್ಟೇಷನ್ನಿಗೆ ಹೋದಾಗ ದೊಡ್ಡಪ್ಪ ಅಲ್ಲಿ ನಿಂತು, "ಇರೋದ್ರಲ್ಲಿ ದಪ್ಪಗಿರೋದು ಕೊಡಪ್ಪ" ಎನ್ನುತ್ತಿದ್ದರು. ಅಂಗಡಿಯವನು ಕೊಟ್ಟದ್ದನ್ನು ಅಂಗೈಯಲ್ಲಿಟ್ಟು ಒಮ್ಮೆ ತೂಗಿ ನೋಡುತ್ತಿದ್ದರು. ಹಗುರ ಅನಿಸಿದರೆ ವಾಪಸ್ಸು. ನನ್ನ ಸಾಹಿತ್ಯಾಭಿರುಚಿಯ ಬುನಾದಿ ಬಿದ್ದದ್ದು ಹೀಗೆ, ತೂಕದ ಮೇಲೆ.

ಪುಸ್ತಕ ಮನೆಗೆ ಬಂದ ಮೇಲೆ ಮೊದಲು ಅದು ದೊಡ್ಡಮ್ಮನದು. ಅವಳು ಒಲೆಯ ಮುಂದೆ, ಬಚ್ಚಲ ಹೊಗೆಯ ಪಕ್ಕದಲ್ಲಿ, ಅಟ್ಟದ ಏಣಿಯ ಮೇಲೆ ಕೂತು ಓದುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ, ಸೊಪ್ಪು ಹೆಚ್ಚಿ ಮುಗಿದ ಮೇಲೆ, ಈಳಿಗೆಮಣೆಯನ್ನು ಸ್ವಚ್ಛವಾಗಿ ಒರೆಸಿ, ಪುಸ್ತಕದ ಬೆನ್ನನ್ನು ಅದರ ಅಲಗಿಗೆ ಒತ್ತಿ ಸರಕ್ಕನೆ ಸೀಳುತ್ತಿದ್ದಳು. ಒಂದು ಕಾದಂಬರಿ ನಾಲ್ಕು ಭಾಗವಾಗುತ್ತಿತ್ತು. ಮಂಡಿಯಿಂದ ದಬ್ಬಣವನ್ನೂ ಹುರಿಯನ್ನೂ ತರಿಸಿ ಒಂದೊಂದು ಭಾಗವನ್ನೂ ಚೀಲದ ಬಾಯಿ ಹೊಲಿದ ಹಾಗೆ ಬಿಗಿಯಾಗಿ ಹೊಲಿದು, ಮೇಲೆ ಒಂದು ರಟ್ಟು ಹಚ್ಚಿದರೆ ಆಯಿತು. ಮನೆಯಲ್ಲಿ ಓದುವವರು ನಾವು ಮೂರು ಜನ: ನಮ್ಮಮ್ಮ, ದೊಡ್ಡಮ್ಮನ ಮಗಳು ಶೈಲಕ್ಕ ಮತ್ತು ನಾನು. ಪಕ್ಕದ ಟೈಲರ್ ಮನೆಯ ರತ್ನಮ್ಮ ಸೇರಿದರೆ ನಾಲ್ಕು. ಒಬ್ಬರು ಓದುತ್ತಿದ್ದರೆ ಉಳಿದವರು ಬಾಯಿ ಬಿಟ್ಟುಕೊಂಡು ಕಾಯಬೇಕಲ್ಲ ಎಂದು ಅವಳೇ ಕಂಡುಕೊಂಡ ಉಪಾಯ ಇದು. ಪುಸ್ತಕಪ್ರೇಮಿಗಳು ಕೇಳಿದರೆ ಎದೆ ಹಿಡಿದುಕೊಂಡಾರು. ಆದರೆ ನಮ್ಮ ಮನೆಯಲ್ಲಿ ಇಡಿಯಾಗಿ, ಹರಿಯದೆ, ಮಿರಿಮಿರಿ ಮಿಂಚುತ್ತಾ ಉಳಿದಿದ್ದ ಪುಸ್ತಕವೆಂದರೆ ಯಾರೂ ಓದದ ಪುಸ್ತಕ.

ಕಟ್ಟುನಿಟ್ಟು ಒಂದೇ. ಮುಂದಿನ ಭಾಗ ಓದಿದವರು ಹಿಂದಿನ ಭಾಗ ಓದುತ್ತಿರುವವರ ಎದುರು ಬಾಯಿಬಿಡಬಾರದು. ಬಿಟ್ಟರೆ ಆ ದಿನದ ಕಾಫಿ ಕಟ್.

ನನ್ನ ಪಾಲಿಗೆ ಮೊದಲನೆಯ ಭಾಗ ಬಂದದ್ದು ಕಡಿಮೆ. ಅದು ಸೀನಿಯಾರಿಟಿ ಪ್ರಕಾರ ಅಮ್ಮನಿಗೆ ಹೋಗುತ್ತಿತ್ತು. ನಾನು ಸ್ಕೂಲಿನಿಂದ ಬಂದು ಚೀಲ ಎಸೆಯುವ ಹೊತ್ತಿಗೆ ಖಾಲಿ ಇರುತ್ತಿದ್ದದ್ದು ಎರಡನೆಯದು. ಹಾಗಾಗಿ ಎಲ್ಲ ಕಾದಂಬರಿಗಳಿಗೂ ನಾನು ಕಾಲಿಟ್ಟದ್ದು ನಡುಮನೆಯಿಂದ. ಯಾರೋ ಅಳುತ್ತಿರುತ್ತಿದ್ದರು, ಯಾಕೆಂದು ಗೊತ್ತಿಲ್ಲ. ಯಾವನೋ ಊರು ಬಿಟ್ಟು ಹೋಗುತ್ತಿದ್ದ, ಏನು ಮಾಡಿದನೆಂದು ಗೊತ್ತಿಲ್ಲ. ಅಮ್ಮ ಮೊದಲನೆಯ ಭಾಗ ಮುಗಿಸಿ ಕೊಡುವ ತನಕ ಕಾರಣಗಳನ್ನೆಲ್ಲ ನಾನೇ ಹುಟ್ಟಿಸಿಕೊಳ್ಳಬೇಕಾಗಿತ್ತು. ಆಮೇಲೆ ನಿಜವಾದ ಕಾರಣ ಓದಿದಾಗ ಎಷ್ಟೋ ಸಲ, ನನ್ನದೇ ಚೆನ್ನಾಗಿತ್ತಲ್ಲ ಅನಿಸಿ ಲೇಖಕರ ಮೇಲೆ ಸಿಟ್ಟು ಬರುತ್ತಿತ್ತು. ಮುಂದೆ ನಾನು ಕಥೆ ಬರೆಯತೊಡಗಿದಾಗ ಒಬ್ಬ ವಿಮರ್ಶಕರು, 'ಇವರ ಕಥೆಗಳು ಥಟ್ಟನೆ ನಡುವಿನಿಂದ ಆರಂಭವಾಗುವುದು ಪ್ರಜ್ಞಾಪೂರ್ವಕ ತಂತ್ರ' ಎಂದು ಬರೆದರು. ಪ್ರಜ್ಞೆಯೂ ಇಲ್ಲ, ತಂತ್ರವೂ ಇಲ್ಲ. ಮೊದಲನೆಯ ಭಾಗ ಅಮ್ಮನ ಹತ್ತಿರ ಇತ್ತು, ಅಷ್ಟೆ. ನಾನೇನೂ ತಿದ್ದಲು ಹೋಗಲಿಲ್ಲ. ಹೊಗಳಿಕೆ ಬಂದಾಗ ಸುಮ್ಮನೆ ಇಸಿದುಕೊಳ್ಳುವುದು ವಾಸಿ.

ಈಗ ನಾನಿರುವುದು ಬೇಲೂರಿನಲ್ಲಿ. ಇಲ್ಲಿ ಪಾಠ ಹೇಳುತ್ತೇನೆ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟೊಡನೆ ಹಳೇಬೀಡು, ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಗೆ ಹೋಗುತ್ತೇನೆ, ಭಾನುವಾರ ಸಂಜೆ ವಾಪಸ್ಸು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಟಿಕೆಟ್ಟಿನ ಚಿಂತೆ ಹೋಗಿ ಸೀಟಿನ ಚಿಂತೆ ಬಂದಿದೆ. ಸೀಟು ಸಿಕ್ಕರೆ ಕಾದಂಬರಿ ತೆಗೆಯುತ್ತೇನೆ, ದಪ್ಪನೆಯದನ್ನೇ. ಪಕ್ಕದಲ್ಲಿ ಕೂತವರು ಮೊದಲು ಪುಸ್ತಕದ ದಪ್ಪ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಆಮೇಲೆ, "ಪರೀಕ್ಷೆಗಾ?" ಎಂದು ಕನಿಕರದಿಂದ ಕೇಳುತ್ತಾರೆ. ಈ ವಯಸ್ಸಿನಲ್ಲಿ ನನಗೆ ಯಾವ ಪರೀಕ್ಷೆಯೋ.

ಸಣ್ಣಕಥೆ ಬಾಗಿಲಲ್ಲೇ ನಿಂತು ಮಾತಾಡಿ ಹೋಗುವ ನೆಂಟ. ಒಳಗೆ ಬನ್ನಿ ಎಂದರೂ ಬರುವುದಿಲ್ಲ. ದೊಡ್ಡ ಕಾದಂಬರಿ ಹಾಸಿಗೆ ಸುರುಳಿಯನ್ನೇ ಹೊತ್ತು ತಂದಿರುತ್ತದೆ. ಮೊದಲೆರಡು ದಿನ ಮುಜುಗರ, ಆಮೇಲೆ ಅದರ ಕೆಮ್ಮು, ಗೊರಕೆ, ಹೇಳಿದ್ದನ್ನೇ ಹೇಳುವ ಚಾಳಿ ಎಲ್ಲ ಅಭ್ಯಾಸವಾಗಿ, ಹೊರಟು ನಿಂತಾಗ ಕಣ್ಣಲ್ಲಿ ನೀರು. ಒಂದು ದೊಡ್ಡ ಕಾದಂಬರಿ ಓದಿ ಮುಗಿಸುವಷ್ಟರಲ್ಲಿ ನಮಗೇ ಒಂದು ನೆಗಡಿ ಬಂದು ಹೋಗಿರುತ್ತದೆ, ಯಾರದೋ ಮದುವೆ ಆಗಿರುತ್ತದೆ, ಕಾಲೇಜಿನಲ್ಲಿ ಒಂದು ಜಗಳ ಹುಟ್ಟಿ ರಾಜಿಯೂ ಆಗಿರುತ್ತದೆ. ಅವೆಲ್ಲ ಪುಟಗಳ ನಡುವೆ ಸೇರಿಕೊಂಡುಬಿಡುತ್ತವೆ. ಯಾವುದೋ ನಾಯಕನ ಹೆಸರು ಕೇಳಿದರೆ ನನಗೆ ಇವತ್ತಿಗೂ ಕಷಾಯದ ರುಚಿ ನೆನಪಾಗುತ್ತದೆ.

ಬೇಸರ ಆಗುವುದಿಲ್ಲವೇ ಎಂದು ಹುಡುಗರು ಕೇಳುತ್ತಾರೆ. ಆಗುತ್ತದೆ. ಹಳೇಬೀಡು ದಾಟಿದ ಮೇಲೆ ಜಾವಗಲ್‌ವರೆಗೆ ದಾರಿಯಲ್ಲಿ ಏನಿದೆ? ರಾಗಿ ಹೊಲ, ತೆಂಗಿನ ತೋಟ, ಮತ್ತೆ ರಾಗಿ ಹೊಲ. ಆದರೆ ಆ ದಾರಿ ಇಲ್ಲದೆ ನಾನು ಮನೆ ಮುಟ್ಟುವುದಿಲ್ಲ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಟೂರಿಗೆ ಬಂದವರು ಹತ್ತುತ್ತಾರೆ. ದೇವಸ್ಥಾನದ ಮುಂದೆ ನಿಂತು ಫೋಟೋ ಹೊಡೆಸಿಕೊಂಡು, ಒಂದು ಸುತ್ತೂ ಹಾಕದೆ ಬಂದವರೇ ಹೆಚ್ಚು. ಹಿಂದಿನ ಗೋಡೆಯ ಕೆಳಗಿನ ಸಾಲಿನಲ್ಲಿ ಆನೆಗಳು ಒಂದರ ಹಿಂದೆ ಒಂದು ಯಾರನ್ನೂ ಕಾಯದೆ ಹೋಗುತ್ತಲೇ ಇವೆ. ಒಮ್ಮೆ ಒಬ್ಬಾಕೆ ತನ್ನ ಗಂಡನಿಗೆ, "ಇದಕ್ಕೆ ಗೋಪುರ ಕಟ್ಟೋದೇ ಬಿಟ್ಟಿದ್ದಾರಲ್ರೀ" ಎನ್ನುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಮುಗಿಯದೆ ಉಳಿದ ಕೆಲಸಗಳ ಬಗ್ಗೆ ಯಾರಾದರೂ ಮಾತಾಡಿದರೆ ನನಗೇ ಹೇಳಿದಂತೆ ಆಗುತ್ತದೆ.

ಯಾಕೆಂದರೆ ನನ್ನದೂ ಒಂದು ಕಾದಂಬರಿ ಇದೆ. ಸಣ್ಣಕಥೆಗಳ ನಾಲ್ಕಾರು ಪುಸ್ತಕ ತಂದ ಮೇಲೆ, ದೊಡ್ಡಪ್ಪ ಇದ್ದಿದ್ದರೆ ನನ್ನ ಯಾವ ಪುಸ್ತಕವನ್ನೂ ಕೊಳ್ಳುತ್ತಿರಲಿಲ್ಲ, ಎಲ್ಲವೂ ಹಗುರ ಎಂದು ಅನಿಸಿ ದಪ್ಪನೆಯದೊಂದಕ್ಕೆ ಕೈಹಾಕಿದೆ. ನಾಲ್ಕು ಭಾಗ. ಮೊದಲೆರಡು ಸಲೀಸಾಗಿ ಬಂದವು. ಮೂರನೆಯದಕ್ಕೆ ಬಂದು ಬಂಡಿ ಹೂತುಕೊಂಡಿತು. ಹೂತು ವರ್ಷಗಳೇ ಆದವು.

ಮಂಡಿಯನ್ನು ಈಗ ನೋಡಿಕೊಳ್ಳುತ್ತಿರುವವನು ನನ್ನ ತಮ್ಮ ಮಲ್ಲೇಶ. ನಮ್ಮ ಕಡೆ ಕೊಬ್ಬರಿ ಮಾಡಲು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಕರಟ ಬಿಟ್ಟು ಗಡಗಡ ಎನ್ನಲು ಹೆಚ್ಚೂಕಡಿಮೆ ವರ್ಷ ಹಿಡಿಯುತ್ತದೆ. ಆಗಾಗ ಒಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ವಾಡಿಕೆ. ನಾನು ಶನಿವಾರ ಬಸ್ಸಿಳಿದು ಬರುವುದೇ ತಡ, ಮಲ್ಲೇಶ ಗಲ್ಲಾದಲ್ಲಿ ಕೂತೇ, "ಏನಕ್ಕಾ, ಇನ್ನೂ ನೀರೈತಾ ಒಳಗೆ?" ಎಂದು ಕೂಗುತ್ತಾನೆ. ಅವನು ಜನ್ಮದಲ್ಲಿ ಒಂದು ಕಾದಂಬರಿ ಓದಿದವನಲ್ಲ. ಅಂಥವನ ಕೈಯಲ್ಲಿ ಹೀಗೆ ಅನ್ನಿಸಿಕೊಳ್ಳುವುದು ನನ್ನ ಹಣೆಬರಹ.

ನನ್ನ ಕಾದಂಬರಿಯನ್ನು ಕೇಳುವವಳು ದೊಡ್ಡಮ್ಮ. ಅವಳಿಗೆ ಈಗ ಒಂದು ಕಣ್ಣು ಪೂರ್ತಿ ಮಸುಕು, ಇನ್ನೊಂದರಲ್ಲಿ ಮುಖ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಮಲ್ಲೇಶ ಅವಳಿಗೆಂದು ಮೊಬೈಲಿನಲ್ಲಿ ಕಥೆ ಓದಿಸುವ ಆ್ಯಪ್ ಹಾಕಿಕೊಟ್ಟ. ಎರಡು ದಿನ ಕೇಳಿ ವಾಪಸ್ಸು ಕೊಟ್ಟಳು. "ತಡಿ, ಅವ್ಳು ಯಾಕೆ ಹಂಗಂದ್ಲು ಅಂತ ಕೇಳಿದ್ರೆ ಅದು ನಿಲ್ಲಂಗೇ ಇಲ್ಲ. ತನ್ನ ಪಾಡಿಗೆ ತಾನು ಒದರ್ಕಂಡು ಹೋಗ್ತದೆ." ನಾನು ನಿಲ್ಲುತ್ತೇನೆ. ಹಾಗಾಗಿ ಬರೆದಷ್ಟನ್ನು ಪ್ರಿಂಟ್ ತೆಗೆದು, ದಬ್ಬಣದಲ್ಲಿ ಹೊಲಿದು ಒಯ್ಯುತ್ತೇನೆ. ಮಂಡಿಗೆ ಚೀಲ ಹೊಲಿಯುವ ಮಿಷನ್ನು ಬಂದ ಮೇಲೆ ಕೆಲಸ ಕಳೆದುಕೊಂಡ ದಬ್ಬಣವನ್ನು ಅವಳೇ, "ನಿನ್ನ ಕಾಗದಕ್ಕಾದ್ರೂ ಆಗ್ಲಿ" ಎಂದು ಕೊಟ್ಟಿದ್ದಳು. ಅವಳಿಗೆ ಅಕ್ಷರ ಕಾಣದಿದ್ದರೂ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ, "ಇಲ್ಲಿ ಸಡ್ಲ ಆಗೈತೆ ನೋಡು" ಎನ್ನುತ್ತಾಳೆ. ಅಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಾಳೆ. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. "ನಾನಿರೋದ್ರೊಳಗೆ ಮುಗಿಸ್ತೀಯೇನೇ?" ಎಂದು ಅವಳು ತಮಾಷೆಯ ದನಿಯಲ್ಲೇ ಕೇಳುತ್ತಾಳೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಮಾತು ನೆನೆದು ತೆರೆದ ಪುಸ್ತಕವನ್ನು ಮುಚ್ಚಿಟ್ಟುಬಿಡುತ್ತೇನೆ. ಅವಳು ಕೇಳದೆ ಹೋದರೆ ಆ ಕಾದಂಬರಿ ಮುಗಿದರೇನು, ಬಿಟ್ಟರೇನು.

ಮೂರನೆಯ ಭಾಗದಲ್ಲಿ ಇದ್ದ ಕಷ್ಟ ಇಷ್ಟೇ. ನನ್ನ ಕಥೆ ಕೊಬ್ಬರಿ ಮಂಡಿಯ ಮನೆಯೊಂದರ ಇಬ್ಬರು ವಾರಗಿತ್ತಿಯರದು. ಚಿಕ್ಕವಳು ಸುಮಿತ್ರೆ ಹೆರಿಗೆಯಲ್ಲಿ ಸಾಯಬೇಕು. ದೊಡ್ಡವಳು ಆ ಮಗುವನ್ನು ಸಾಕಬೇಕು, ನಾಲ್ಕನೆಯ ಭಾಗ ಪೂರ್ತಿ ನಿಂತಿರುವುದು ಅದರ ಮೇಲೆ. ಅವಳನ್ನು ಸಾಯಿಸಲು ನನಗೆ ಕೈ ಬರುತ್ತಿರಲಿಲ್ಲ. ಪ್ರತಿ ಸಲವೂ ನೋವು ಶುರುವಾಗುವ ಮುಂಚೆಯೇ ಯಾವುದಾದರೂ ನೆಪ ಹುಡುಕಿ ಅವಳನ್ನು ಗಂಡಸಿಯ ಬಸ್ಸು ಹತ್ತಿಸಿ ತೌರಿಗೆ ಕಳಿಸಿಬಿಡುತ್ತಿದ್ದೆ.

ಗಂಡಸಿಯೇ ಯಾಕೆ ಎಂದರೆ, ಅದು ನನ್ನ ಹಳೆಯ ದಾರಿ.

ನನಗಾಗ ಹತ್ತೋ ಹನ್ನೊಂದೋ. ದೊಡ್ಡಪ್ಪ ಇಟ್ಟಿಗೆಯಷ್ಟು ದಪ್ಪದ ಒಂದು ಕಾದಂಬರಿ ತಂದಿದ್ದರು. ಎಂದಿನಂತೆ ಸೀಳಿದ್ದಾಯಿತು, ಹೊಲಿದದ್ದಾಯಿತು. ಅದರಲ್ಲಿ ಅಂಬುಜ ಎಂಬ ಹೆಣ್ಣುಮಗಳು ಬರುತ್ತಾಳೆ. ಬಡವರ ಮನೆಯವಳು, ನಗುನಗುತ್ತಾ ಎಲ್ಲರ ಬಟ್ಟೆಗೂ ಗುಂಡಿ ಹೊಲಿದುಕೊಡುವವಳು, ಎರಡನೆಯ ಭಾಗದ ಕೊನೆಗೆ ಬಸುರಿ. ಅಮ್ಮನಿಗೆ ಅಂಬುಜಳನ್ನು ಕಂಡರೆ ಪ್ರಾಣ. ಎರಡನೆಯ ಭಾಗ ಮುಗಿಸಿ ಮೂರನೆಯದಕ್ಕೆ ಕೈಚಾಚಿದಾಗ ದೊಡ್ಡಮ್ಮ ಮನೆಯೆಲ್ಲ ಹುಡುಕಿ, ಹಣೆ ಚಚ್ಚಿಕೊಂಡು, "ಅಯ್ಯೋ ಶಿವನೇ, ಅದು ಕೊಬ್ಬರಿ ಚೀಲದೊಳಗೆ ಬಿದ್ದೋಗೈತೆ ಕಣ್ರೇ. ಹೊಲ್ದು ಲಾರಿಗೆ ಹಾಕ್ಬಿಟ್ಟವ್ರೆ. ಡೆಲ್ಲಿಗೆ ಹೋಯ್ತು" ಎಂದಳು.

ಮೂರನೆಯದನ್ನು ನಮ್ಮಲ್ಲಿ ಯಾರೂ ಇನ್ನೂ ಓದಿರಲಿಲ್ಲ. ನಾವು ನಂಬಿದೆವು. ನಂಬದಿರಲು ಏನೂ ಇರಲಿಲ್ಲ. ಹಿಂದೊಮ್ಮೆ ಮಂಡಿಯ ಆಳಿನ ಟವೆಲ್ಲು, ಇನ್ನೊಮ್ಮೆ ದೊಡ್ಡಪ್ಪನ ಕನ್ನಡಕ ಇದೇ ದಾರಿಯಲ್ಲಿ ಡೆಲ್ಲಿ ಸೇರಿದ್ದವು. ಅಲ್ಲಿನ ಸೇಟು ಚೀಲ ಬಿಚ್ಚಿ, ಕೊಬ್ಬರಿಯ ನಡುವೆ ಕನ್ನಡ ಕಾದಂಬರಿ ನೋಡಿ ಏನೆಂದುಕೊಂಡಾನು ಎಂದು ಶೈಲಕ್ಕ, ನಾನು ಬಿದ್ದು ಬಿದ್ದು ನಕ್ಕೆವು. ಅಮ್ಮ ನಗಲಿಲ್ಲ. "ಅಂಬುಜ ಏನಾದ್ಲೋ" ಎಂದು ದಿನಾ ಕೇಳುತ್ತಿದ್ದಳು. ಆಗ ಒಂದು ಮಧ್ಯಾಹ್ನ ದೊಡ್ಡಮ್ಮ ನನ್ನನ್ನು ಅಡುಗೆಮನೆಯ ಮಣೆಯ ಮೇಲೆ ಕೂರಿಸಿ, "ನೀನು ಹೆಂಗೂ ಇಲ್ಲದ್ದೆಲ್ಲ ಹುಟ್ಟಿಸ್ಕಂಡು ಹೇಳ್ತೀಯಲ್ಲ. ಮೂರ್ನೇ ಭಾಗ ನೀನೇ ಹೇಳು" ಎಂದಳು.

ನಾನು ಹೇಳಿದೆ. ದಿನಾ ಒಂದಷ್ಟು. ಅಮ್ಮ, ಶೈಲಕ್ಕ, ರತ್ನಮ್ಮ, ದೊಡ್ಡಮ್ಮ ಸುತ್ತ ಕೂತು ಕೇಳಿದರು. ನಾನು ಅದುವರೆಗೆ ಕಂಡಿದ್ದ ದೂರದ ಊರು ಗಂಡಸಿ, ಅಮ್ಮನ ತೌರು. ಅಂಬುಜಳನ್ನೂ ಅಲ್ಲಿಗೇ ಕಳಿಸಿದೆ. ಅಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ಬಾಣಂತನ ಚೆನ್ನಾಗಿ ನಡೆಯಿತು, ತುಪ್ಪಕ್ಕೆ ಕೊರತೆ ಮಾಡಲಿಲ್ಲ. ಆಮೇಲೆ ಅತ್ತೆಮನೆಯವರ ಮೇಲೆ ಮುನಿಸಿಕೊಂಡು ಅವಳು ವಾಪಸ್ಸು ಬರಲೇ ಇಲ್ಲ. ಹೀಗೆ ಹೇಳಿದ್ದಕ್ಕೆ ಕಾರಣವಿತ್ತು. ನಾನಾಗಲೇ ನಾಲ್ಕನೆಯ ಭಾಗದಲ್ಲಿ ಕಣ್ಣಾಡಿಸಿದ್ದೆ, ಅಲ್ಲಿ ಅಂಬುಜ ಎಲ್ಲೂ ಬರುತ್ತಿರಲಿಲ್ಲ.

ಒಂದೇ ಒಂದು ಕಡೆ ಎಡವಟ್ಟಾಯಿತು. ನಾಲ್ಕನೆಯ ಭಾಗ ಓದುತ್ತಿದ್ದ ಅಮ್ಮ ತಲೆಯೆತ್ತಿ, "ಅಕ್ಕಾ, ಅಂಬುಜನ ಫೋಟೋಗೆ ಹಾರ ಹಾಕಿತ್ತು ಅಂತ ಬರ್ದೈತಲ್ಲ ಇಲ್ಲಿ?" ಎಂದಳು. ನಾನು ತಡಮಾಡದೆ, "ಅವತ್ತು ಆಯುಧಪೂಜೆ ಕಣಮ್ಮ. ಮನೇಲಿರೋದಕ್ಕೆಲ್ಲ ಹಾರ ಹಾಕವ್ರೆ" ಎಂದೆ. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ತಕ್ಕಡಿಗೆ, ಬಟ್ಟುಗಳಿಗೆ, ಗಲ್ಲಾಪೆಟ್ಟಿಗೆಗೆ, ಈ ದಬ್ಬಣಕ್ಕೆ ಸಹ ಹೂವು ಏರುತ್ತಿತ್ತು. ದೊಡ್ಡಮ್ಮ ಸಾರು ತಿರುವುತ್ತಾ, ನಮ್ಮ ಕಡೆ ನೋಡದೆ, "ಹ್ಞೂ, ಕೆಲವರು ಫೋಟೋಗಳಿಗೂ ಹಾಕ್ತಾರೆ" ಎಂದಳು. ಅಮ್ಮ ಒಪ್ಪಿಕೊಂಡು ಪುಟ ತಿರುಗಿಸಿದಳು.

ಮುಂದೆ ನಾನು ಮೈಸೂರಿನಲ್ಲಿ ಓದುವಾಗ ಲೈಬ್ರರಿಯಲ್ಲಿ ಆ ಕಾದಂಬರಿ ಇಡಿಯಾಗಿ ಸಿಕ್ಕಿತು. ನಿಂತಲ್ಲೇ ಮೂರನೆಯ ಭಾಗ ಹುಡುಕಿ ಓದಿದೆ. ಅಂಬುಜ ಹೆರಿಗೆಯಲ್ಲಿ ಸಾಯುತ್ತಾಳೆ. ಮಗುವೂ ಉಳಿಯುವುದಿಲ್ಲ. ನನಗೆ ಮೊದಲು ಹೊಳೆದದ್ದು ದೊಡ್ಡಮ್ಮನ ಮುಖ. ಪಾಪ, ಅವಳಿಗೆ ಅಂಬುಜ ಗಂಡಸಿಯಲ್ಲಿ ತುಪ್ಪ ತಿಂದುಕೊಂಡು ಸುಖವಾಗಿದ್ದಾಳೆ ಎಂಬ ನಂಬಿಕೆ. ಅದನ್ನು ಕೆಡಿಸುವುದು ಬೇಡ ಎಂದು ನಿರ್ಧರಿಸಿದೆ. ಆವತ್ತಿನಿಂದ ಆ ಪುಸ್ತಕದ ಮಾತು ಬಂದಾಗಲೆಲ್ಲ ನಾನು ಜಾಣತನದಿಂದ ಮಾತು ತಿರುಗಿಸಿದ್ದೇನೆ. ಒಮ್ಮೆ ಪುಸ್ತಕ ಪ್ರದರ್ಶನದಲ್ಲಿ ಅದರ ಹೊಸ ಮುದ್ರಣ ಕಂಡು, ಪಕ್ಕದಲ್ಲಿದ್ದ ದೊಡ್ಡಮ್ಮನನ್ನು ಕೈಹಿಡಿದು ಜೋಳದ ತೆನೆ ಸುಡುತ್ತಿದ್ದ ಕಡೆಗೆ ಎಳೆದೊಯ್ದೆ.

ಹೋದ ತಿಂಗಳು ಒಂದು ಶನಿವಾರ ಹೋದಾಗ ಅಮ್ಮ ಮನೆಯಲ್ಲಿರಲಿಲ್ಲ. ಬೀದಿಯ ಹೆಂಗಸರ ಜೊತೆ ಮಾಲೇಕಲ್ಲು ಬೆಟ್ಟದ ದೇವರಿಗೆ ಹೋಗಿದ್ದಳು. ಮೊಣಕಾಲು ನೋವು ಎಂದು ಮನೆಯಲ್ಲಿ ಎರಡು ಮೆಟ್ಟಿಲು ಹತ್ತಲು ನರಳುವವಳು ಬೆಟ್ಟವೆಂದರೆ ಮುಂದಾಗಿ ಹೊರಡುತ್ತಾಳೆ. ದೊಡ್ಡಮ್ಮ ಮಂಚದ ಮೇಲೆ ಕೂತಿದ್ದಳು. ನಾನು ಮೂರನೆಯ ಭಾಗದ ಹೊಸ ಪ್ರತಿಯನ್ನು ಓದಿದೆ. ಸುಮಿತ್ರೆ ಟ್ರಂಕು ಹಿಡಿದು ಬಸ್ಸು ಹತ್ತಿದಳು. ದೊಡ್ಡಮ್ಮ ಕೈಯೆತ್ತಿದಳು.

"ತಡಿ. ಮತ್ತೆ ಗಂಡಸಿಗೇ ಕಳಿಸ್ದಾ?"

"ಹ್ಞೂ ದೊಡ್ಡಮ್ಮ. ತೌರಲ್ವಾ."

"ಆ ಅಂಬುಜನ್ನೂ ಅಲ್ಲಿಗೇ ಕಳಿಸಿದ್ದೆ. ನೀನು ಕಳಿಸಿದ ಬಸುರೀರೆಲ್ಲ ಸೇರ್ಕಂಡು ಏನ್ ಮಾಡ್ತಾವ್ರೆ ಗಂಡಸೀಲಿ?"

ನಾನು ನಕ್ಕೆ. ಅವಳು ನಗಲಿಲ್ಲ.

"ಅಂಬುಜ ಸತ್ತೋದ್ಲು ಕಣೇ ಉಮಾ. ಹೆರಿಗೇಲಿ."

"ನಿಂಗ್ಯಾರು ಹೇಳಿದ್ರು ದೊಡ್ಡಮ್ಮ?"

"ಯಾರ್ ಹೇಳ್ಬೇಕು? ಓದ್ದೆ ಸೀಳ್ತಿದ್ನೇನೇ ನಾನು?"

ಇಷ್ಟು ಸಣ್ಣ ಲೆಕ್ಕ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ ನೋಡಿ. ಅವಳು ಪೂರ್ತಿ ಓದದೆ ಒಂದು ಪುಸ್ತಕವನ್ನೂ ಈಳಿಗೆಗೆ ಕೊಟ್ಟವಳಲ್ಲ, ಅದನ್ನು ಕಣ್ಣಾರೆ ಕಂಡವಳು ನಾನು. ಕಥೆ ಹೆಣೆಯುವವಳೆಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಾ ಬಂದಿದ್ದೆ.

"ಡೆಲ್ಲಿಗೆ ಹೋಯ್ತು ಅಂದಿದ್ದೆ?"

"ನೀರೊಲೆಗೆ ಹೋಯ್ತು. ನಾನೇ ಹಾಕ್ದೆ. ಹಾಕುವಾಗ ಕರುಳು ಚುರುಕ್ ಅಂತು." ಅವಳು ಮಡಿಲಲ್ಲಿದ್ದ ನನ್ನ ಎರಡನೆಯ ಭಾಗದ ಹೊಲಿಗೆಯನ್ನು ಸವರುತ್ತಿದ್ದಳು. "ಅದರ ಹಿಂದಿನ ವರ್ಷ ನಿಮ್ಮಮ್ಮ ಮಗು ಕಳ್ಕಂಡಿದ್ದು ನಿಂಗೆ ಸರಿಯಾಗಿ ನೆನಪಿಲ್ಲ. ಅವಳೂ ಉಳಿಯದು ಕಷ್ಟ ಅಂದಿದ್ರು. ಪುಸ್ತಕ ಸೀಳ್ದಾಗ ಅವ್ಳು ಮತ್ತೆ ಬಸ್ರಿ ಅಂತ ನಂಗೆ ಗೊತ್ತಿರ್ಲಿಲ್ಲ. ಎರಡನೇ ಭಾಗ ಓದ್ತಾ ಇದ್ದಾಗ ಒಂದಿನ ಕಿವೀಲಿ ಹೇಳಿದ್ಲು. ಸುಮ್ನೆ ಕೂತ್ ಕೂತಲ್ಲೇ ಬೆವರೋಳು ಆಗ. ಅವ್ಳ ಕೈಗೆ ಅದನ್ನ ಹೆಂಗ್ ಕೊಡ್ಲಿ, ಹೇಳು?"

"ಮುಂದಕ್ಕೆ ಓದೋದು ಬೇಡ ಅಂತ ಹೇಳ್ಬೋದಿತ್ತಲ್ಲ."

"ಹಂಗಂದಿದ್ರೆ ಆವಾಗ್ಲೇ ತಿಳ್ಕಂಡ್‌ಬಿಡೋಳು. ದಿನಾ ಕೇಳೋಳು, ಅಂಬುಜ ಏನಾದ್ಲು ಅಂತ. ಅದಕ್ಕೇ ನಿನ್ನ ಕೂರ್ಸಿದ್ದು. ನೀನು ಮಗು. ಮಕ್ಳು ಯಾರನ್ನೂ ಸಾಯ್ಸಲ್ಲ ಅಂತ ಗೊತ್ತಿತ್ತು ನಂಗೆ."

ನಾನು ಆ ಅಡುಗೆಮನೆಯನ್ನು ನೆನೆದೆ. ಅಮ್ಮ ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದದ್ದು, ಅಂಬುಜಳ ಬಾಣಂತನದ ತುಪ್ಪದ ಮಾತು ಬಂದಾಗ ಅವಳ ಮುಖ ಸಡಿಲಗೊಂಡದ್ದು, ದೊಡ್ಡಮ್ಮ ಸಾರಿನ ಕಡೆಯೇ ನೋಡುತ್ತಿದ್ದದ್ದು. ಆ ವರ್ಷದ ಮಳೆಗಾಲ ಮುಗಿದ ಮೇಲೆ ಹುಟ್ಟಿದವನು ಮಲ್ಲೇಶ. ಒಂದು ಕಾದಂಬರಿಯ ಕಾಲುಭಾಗ ನುಂಗಿ ಹುಟ್ಟಿದವನು ಇನ್ನು ಓದುವುದಾದರೂ ಯಾಕೆ! ನನಗೆ ನಗುವೂ ಬಂತು, ಅಳುವೂ ಬಂತು. ನಾನು ಕಥೆಗಾರ್ತಿಯಾದದ್ದು ಓದಿನಿಂದ ಅಂದುಕೊಂಡಿದ್ದೆ. ಒಬ್ಬ ವಾರಗಿತ್ತಿಗೆ ಇನ್ನೊಬ್ಬಳ ಮೇಲಿದ್ದ ಮರುಕದಿಂದ ಆದವಳು ನಾನು. ಮಂಚದ ತುದಿಯಲ್ಲಿ ಕೂತು ದೊಡ್ಡಮ್ಮನ ಕೈ ಹಿಡಿದುಕೊಂಡು, ಮೈಸೂರಿನ ಲೈಬ್ರರಿಯ ವಿಷಯ ಹೇಳಿದೆ.

"ಗೊತ್ತು ಬಿಡು," ಎಂದಳು. "ಜೋಳದ ತೆನೆ ಕೊಡ್ಸೋಕೆ ಯಾರಾದ್ರೂ ಕೈ ಹಿಡ್ದು ಅಷ್ಟು ಜೋರಾಗಿ ಎಳೀತಾರಾ? ನಂಗೆ ಹಲ್ಲೂ ಇರ್ಲಿಲ್ಲ."

ಮಂಡಿಯಲ್ಲಿ ಮಿಷನ್ನು ಚೀಲ ಹೊಲಿಯುತ್ತಿತ್ತು. ಆಮೇಲೆ ಅವಳು, ನಾನು ಮಂಚದ ಮೇಲಿಟ್ಟಿದ್ದ ಮೂರನೆಯ ಭಾಗವನ್ನು ನನ್ನ ಮಡಿಲಿಗೆ ವಾಪಸ್ಸು ಇಟ್ಟಳು.

"ನಿನ್ನ ಸುಮಿತ್ರೆ ಯಾರು ಅಂತ ನಂಗೂ ಗೊತ್ತು. ನಿಮ್ಮಮ್ಮಂಗೆ ಏನೂ ಆಗಿಲ್ಲ ಕಣೇ. ಬೆಟ್ಟ ಹತ್ತೋಕೆ ಹೋಗವ್ಳೆ. ಸಂಜೆ ಹೊತ್ತಿಗೆ ಮೊಣಕಾಲು ಹಿಡ್ಕಂಡು ಬತ್ತಾಳೆ. ಈಗ ಈ ಮನೇಲಿ ಯಾರೂ ಬಸ್ರಿ ಇಲ್ಲ. ಬರಿ."

ಬರೆದೆ. ಬೇಲೂರಿಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಕೂತು ಬರೆದೆ. ಸುಮಿತ್ರೆ ಎಲ್ಲಿಗೂ ಹೋಗಲಿಲ್ಲ. ಅದೇ ಮನೆಯ ಅದೇ ಕೋಣೆಯಲ್ಲಿ ಉಳಿದಳು. ಮುಗಿಸಿದ ದಿನ ನನಗೆ ಊಟ ಸೇರಲಿಲ್ಲ. ಅಮ್ಮನಿಗೆ ಫೋನು ಮಾಡಿ, ಏನೂ ಇಲ್ಲ, ಸುಮ್ಮನೆ ಮಾಡಿದೆ ಎಂದೆ. "ಅಡುಗೆ ಏನು?" ಎಂದು ಕೇಳಿದಳು. ಆ ದನಿ ಕೇಳಿದ ಮೇಲೆ ಎರಡು ತುತ್ತು ತಿಂದೆ.

ಹೋದ ಶನಿವಾರ ಹಾಳೆಗಳನ್ನು ಹೊಲಿದುಕೊಂಡು ಹೋಗಿ ನಡುಮನೆಯಲ್ಲಿ ಕೂತು ಓದಿದೆ. ದೊಡ್ಡಮ್ಮ ಮಂಚದ ಮೇಲೆ. ಅಮ್ಮ ಅವರೆಕಾಯಿಯ ಮೊರದ ಮುಂದೆ. ಊಟಕ್ಕೆ ಒಳಗೆ ಬಂದ ಮಲ್ಲೇಶ, "ನೀರು ಬತ್ತಿತಾ ಅಕ್ಕಾ?" ಎನ್ನಲು ಬಾಯಿ ತೆರೆದವನು ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತ. ಸುಮಿತ್ರೆಗೆ ನೋವು ಶುರುವಾಯಿತು. ಸೂಲಗಿತ್ತಿಯನ್ನು ಕರೆಯಲು ಆಳು ಓಡಿದ. ಅಮ್ಮನ ಕೈಯಲ್ಲಿದ್ದ ಅವರೆಕಾಯಿ ಸುಲಿಯದೆ ಹಾಗೇ ಉಳಿಯಿತು. "ಒಲೆ ಮೇಲೆ ಹಾಲೈತೆ" ಎಂದು ಅವಳು ಸೆರಗು ಕೊಡವಿ ಎದ್ದಳು.

ದೊಡ್ಡಮ್ಮ ಆ ಮಸುಕುಗಣ್ಣಿನಲ್ಲೇ ಕೈಚಾಚಿ ಅವಳ ಸೆರಗಿನ ತುದಿ ಹಿಡಿದಳು.

"ಕೂತ್ಕೋ ಗೌರಿ. ಉಕ್ಕಿದ್ರೆ ಉಕ್ಲಿ. ಈ ಸಲ ಮೂರ್ನೇ ಭಾಗ ಕೇಳು, ನಾನಿದ್ದೀನಿ."

ಅಮ್ಮ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಮಂಚದ ಮೇಲೆ, ಅವಳ ಪಕ್ಕದಲ್ಲೇ, ಕೂತುಕೊಂಡಳು. ನಾನು ಪುಟ ತಿರುಗಿಸಿ ಮುಂದಕ್ಕೆ ಓದಿದೆ.